ಪಾಯಿಂಟ್ ತಿರುಗಿತೇ? – ಮಾಡೆಲ್ ರೈಲಿನ ಹಳಿಗೆ ಡಿಜಿಟಲ್ ಸೂತ್ರ

ಮುಂಬಯಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಹೋಗಿಬರುವವರು ಕಲ್ಯಾಣ ಸ್ಟೇಷನ್ ದಾಟುವಾಗ ಒಂದು ಸಂಗತಿಯನ್ನು ಗಮನಿಸಿರಬಹುದು. ಕಾಲ ಕೆಳಗೆ ಕಟಕಟ ಸದ್ದಾಗಿ ಬೋಗಿ ಒಮ್ಮೆ ಆಚೆಗೆ, ಒಮ್ಮೆ ಈಚೆಗೆ ಓಲಾಡುತ್ತದೆ. ಅಲ್ಲಿ ದಾರಿ ಎರಡಾಗುತ್ತದೆ. ಒಂದು ಕಸಾರಾ ಘಟ್ಟ ಹತ್ತಿ ನಾಸಿಕದ ಕಡೆಗೆ, ಇನ್ನೊಂದು ಕರ್ಜತ್, ಪುಣೆ, ಸೊಲ್ಲಾಪುರದ ಮೇಲೆ ನಮ್ಮ ಊರುಗಳ ಕಡೆಗೆ. ಅಷ್ಟು ದೊಡ್ಡ ಗಾಡಿ ಯಾವ ದಾರಿ ಹಿಡಿಯಬೇಕೆಂಬುದು ಡ್ರೈವರನ ಕೈಯಲ್ಲಿಲ್ಲ. ಅವನ ಮುಂದೆ ಸ್ಟಿಯರಿಂಗ್ ಚಕ್ರವೇ ಇಲ್ಲ. ಅದನ್ನು ತೀರ್ಮಾನಿಸುವುದು ಹಳಿಗಳ ನಡುವೆ ಅಂಗೈಯಗಲದಷ್ಟು ಮಾತ್ರ ಸರಿಯುವ ಎರಡು ಚೂಪಾದ ಉಕ್ಕಿನ ಪಟ್ಟಿಗಳು.

ರೈಲ್ವೆಯವರು ಇದನ್ನು ಪಾಯಿಂಟ್ ಎನ್ನುತ್ತಾರೆ. ಮರಾಠಿಯಲ್ಲಿ ಸಾಂಧಾ, ಹಿಂದಿಯಲ್ಲಿ ಕಾಂಟಾ. ಕನ್ನಡದಲ್ಲಿ ಬೇಕಾದರೆ ಕವಲುಹಳಿ ಎನ್ನಬಹುದು. ಆದರೆ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ನಿಂತು 'ಕವಲುಹಳಿ' ಎಂದು ಕೂಗಿದರೆ ಯಾರೂ ತಿರುಗಿ ನೋಡಲಾರರು. ಅಲ್ಲಿಯೂ ಪಾಯಿಂಟ್, ಅದನ್ನು ನೋಡಿಕೊಳ್ಳುವವನು ಪಾಯಿಂಟ್ಸ್‌ಮನ್. ಈ ಲೇಖನದಲ್ಲಿಯೂ ಅದೇ ಇರಲಿ.

ಈ ಪಾಯಿಂಟನ್ನು ಮನೆಯ ಮೇಜಿನ ಮೇಲೆ ಗೇಣುದ್ದದಲ್ಲಿ ಕೂರಿಸಿ, ಫೋನಿನಿಂದಲೋ ಕಂಪ್ಯೂಟರಿನಿಂದಲೋ ತಿರುಗಿಸುವ ಹವ್ಯಾಸವೊಂದಿದೆ. ಯುವಮಿತ್ರರೇ, ಮಕ್ಕಳ ಆಟಿಕೆ ಎಂದು ಮೂಗು ಮುರಿಯಬೇಡಿ. ಅಮೆರಿಕದ ಎಂ.ಐ.ಟಿ.ಯಲ್ಲಿ 1946ರಲ್ಲಿ ವಿದ್ಯಾರ್ಥಿಗಳು ಒಂದು ಮಾಡೆಲ್ ರೈಲು ಕ್ಲಬ್ ಕಟ್ಟಿಕೊಂಡರು. ಅದರಲ್ಲಿ ಎರಡು ಬಗೆಯ ಜನ. ಮೇಜಿನ ಮೇಲೆ ಗುಡ್ಡ, ಮನೆ, ಬೋಗಿಗಳನ್ನು ಅಂದಗೊಳಿಸುವವರು ಒಂದು ಬಗೆ. ಮೇಜಿನ ಕೆಳಗೆ ನುಸುಳಿ, ಟೆಲಿಫೋನ್ ಎಕ್ಸ್‌ಚೇಂಜಿನ ಹಳೆಯ ರಿಲೇಗಳನ್ನು ಜೋಡಿಸಿ ಪಾಯಿಂಟ್ ತಿರುಗಿಸುವ ಉಪಾಯ ಹುಡುಕುವವರು ಇನ್ನೊಂದು ಬಗೆ. 1950ರ ದಶಕದ ಕೊನೆಗೆ ಕಾಲೇಜಿಗೆ ಕಂಪ್ಯೂಟರ್ ಬಂದಾಗ ರಾತ್ರಿಯೆಲ್ಲ ಅದರ ಮುಂದೆ ಕುಳಿತವರಲ್ಲಿ ಈ ಮೇಜಿನ ಕೆಳಗಿನವರೇ ಮುಂದು. 'ಹ್ಯಾಕರ್' ಎಂಬ ಮಾತು ಕಂಪ್ಯೂಟರ್ ಲೋಕಕ್ಕೆ ಹಬ್ಬಿದ್ದು ಅಲ್ಲಿಂದ. ಆಗ ಅದಕ್ಕೆ ಕಳ್ಳತನದ ಅರ್ಥವಿರಲಿಲ್ಲ. ಜಾಣತನದ ಕೈಕೆಲಸ ಎಂದಷ್ಟೇ ಇತ್ತು.

ನಮ್ಮಲ್ಲಿ ಈ ಹವ್ಯಾಸ ವಿರಳ. ಪುಣೆಯ ಬಳಗದವರು ಕೊಥರೂಡಿನಲ್ಲಿ 1998ರಲ್ಲಿ ತೆರೆದ ಜೋಶಿಯವರ ಪುಟ್ಟ ರೈಲುಗಳ ಮ್ಯೂಸಿಯಂ ಕಂಡಿರಬಹುದು. (ಅದಿರುವ ರಸ್ತೆಗೆ ಜಿ.ಎ. ಕುಲಕರ್ಣಿಯವರ ಹೆಸರಿದೆ. ಧಾರವಾಡದ ಕಾಲೇಜಿನಲ್ಲಿ ಬಹುಕಾಲ ಇಂಗ್ಲಿಷ್ ಪಾಠ ಹೇಳಿದ ಮರಾಠಿ ಕಥೆಗಾರ ಅವರು. ನಮ್ಮ ಮಟ್ಟಿಗೆ ಅರ್ಧ ಧಾರವಾಡದವರೇ!) ಅಲ್ಲಿ ನಿಂತು ನೋಡುವುದು ಒಂದು ಸಂತೋಷ, ಸ್ವತಃ ಒಂದು ಪಾಯಿಂಟ್ ಕಟ್ಟಿ ನಡೆಸುವುದು ಬೇರೆಯದೇ ಸಂತೋಷ.

ಮೊದಲು ಅದರ ಅಂಗರಚನೆ ನೋಡೋಣ. ಹೊರಗಿನ ಎರಡು ಹಳಿಗಳು ಕದಲುವುದಿಲ್ಲ. ಅವುಗಳ ಒಳಮಗ್ಗುಲಲ್ಲಿ, ತುದಿಯನ್ನು ಚೂಪಾಗಿ ಸವೆಸಿದ ಎರಡು ನಾಲಿಗೆ ಹಳಿಗಳು. ಈ ಎರಡು ನಾಲಿಗೆಗಳನ್ನು ಒಂದು ಅಡ್ಡಪಟ್ಟಿ ಬಂಧಿಸಿರುತ್ತದೆ. ಪಟ್ಟಿಯನ್ನು ಎಡಕ್ಕೆ ಸರಿಸಿದರೆ ಒಂದು ನಾಲಿಗೆ ತನ್ನ ಹೊರಹಳಿಗೆ ಅಂಟಿಕೊಳ್ಳುತ್ತದೆ, ಇನ್ನೊಂದು ದೂರವಾಗುತ್ತದೆ. ಬಲಕ್ಕೆ ಸರಿಸಿದರೆ ಅದಲುಬದಲು. ಮುಂದೆ ಹೋದರೆ ಎರಡು ದಾರಿಗಳ ಒಳಹಳಿಗಳು ಒಂದನ್ನೊಂದು ದಾಟುವ ಜಾಗ ಸಿಗುತ್ತದೆ. ಅದಕ್ಕೆ ಇಂಗ್ಲಿಷಿನಲ್ಲಿ 'ಫ್ರಾಗ್' ಎಂದು ಹೆಸರು. ಕಪ್ಪೆಗೂ ಅದಕ್ಕೂ ಸಂಬಂಧವಿಲ್ಲ. ಕುದುರೆಯ ಗೊರಸಿನ ಅಡಿಯಲ್ಲಿರುವ ಮೂರು ಮೂಲೆಯ ಭಾಗಕ್ಕೂ ಅದೇ ಹೆಸರು, ಆಕಾರದಲ್ಲಿ ಹೋಲಿಕೆ.

ನಿಜವಾದ ರೈಲಿಗೆ ಫ್ರಾಗ್‌ನಿಂದ ವಿದ್ಯುತ್ತಿನ ತೊಂದರೆ ಅಷ್ಟಿಲ್ಲ. ಮಾಡೆಲ್ ರೈಲಿಗೆ ಇದೆ, ಏಕೆಂದರೆ ಅದರ ಎಂಜಿನ್ನು ಎರಡು ಹಳಿಗಳಿಂದಲೇ ವಿದ್ಯುತ್ ಹೀರಿಕೊಳ್ಳುತ್ತದೆ. ಫ್ರಾಗ್‌ನಲ್ಲಿ ಒಂದು ದಾರಿಯ ಎಡಹಳಿಯೂ ಇನ್ನೊಂದು ದಾರಿಯ ಬಲಹಳಿಯೂ ಕೂಡುತ್ತವೆ. ಎರಡನ್ನೂ ನೇರ ತಾಕಿಸಿದರೆ ಶಾರ್ಟ್ ಸರ್ಕ್ಯೂಟ್. ಪ್ಲಾಸ್ಟಿಕ್ಕಿನ ಫ್ರಾಗ್ ಹಾಕಿದರೆ ಆ ಕಾಟವಿಲ್ಲ, ಆದರೆ ಪುಟ್ಟ ಎಂಜಿನ್ ಅಲ್ಲಿ ವಿದ್ಯುತ್ ಸಿಗದೆ ನಿಂತುಬಿಡುತ್ತದೆ. ಲೋಹದ ಫ್ರಾಗ್ ಹಾಕಿದರೆ ಪಾಯಿಂಟ್ ತಿರುಗಿದಾಗಲೆಲ್ಲ ಅದರ ಧ್ರುವವನ್ನೂ ಬದಲಿಸುವ ಒಂದು ಸ್ವಿಚ್ ಬೇಕು. ತಲೆನೋವು ಸ್ವಲ್ಪ ಹೆಚ್ಚಾದರೂ ಲೋಹದ್ದೇ ಲೇಸು.

ಹಿಂದಿನ ಪದ್ಧತಿಯಲ್ಲಿ ಪ್ರತಿ ಪಾಯಿಂಟಿನ ಕೆಳಗೆ ಎರಡು ಸುರುಳಿಗಳ ವಿದ್ಯುತ್ಕಾಂತ ಇರುತ್ತಿತ್ತು. ಗುಂಡಿ ಒತ್ತಿದರೆ 'ಠಕ್' ಎಂದು ಪಟ್ಟಿ ಸರಿಯುತ್ತಿತ್ತು. ಗುಂಡಿಯ ಮೇಲೆ ಬೆರಳು ತುಸು ಹೊತ್ತು ಉಳಿದರೆ ಸುರುಳಿ ಸುಟ್ಟು ಹೊಗೆ. ಪ್ರತಿ ಪಾಯಿಂಟಿಗೂ ಮೂರು ತಂತಿ. ಇಪ್ಪತ್ತು ಪಾಯಿಂಟಿದ್ದರೆ ಮೇಜಿನ ಕೆಳಗೆ ಶಾವಿಗೆ ಒಣಹಾಕಿದ ಹಾಗೆ.

ಇದನ್ನು ಬದಲಿಸಿದ್ದು ಡಿಜಿಟಲ್ ವಿಧಾನ. ಜರ್ಮನಿಯ ಮಾರ್ಕ್ಲಿನ್ ಕಂಪನಿ 1980ರ ದಶಕದ ನಡುವಿನಲ್ಲಿ ಡಿಜಿಟಲ್ ರೈಲನ್ನು ಮಾರುಕಟ್ಟೆಗೆ ತಂದಿತು. ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ 1990ರ ದಶಕದ ಮೊದಲರ್ಧದಲ್ಲಿ, ಜರ್ಮನಿಯದೇ ಆದ ಲೆಂಝ್ ಕಂಪನಿಯ ವಿಧಾನವನ್ನು ಆಧಾರವಾಗಿಟ್ಟುಕೊಂಡು, ಯಾರು ಬೇಕಾದರೂ ಬಳಸಬಹುದಾದ ಒಂದು ಪ್ರಮಾಣವನ್ನು ಗೊತ್ತುಮಾಡಿತು. ಅದೇ ಡಿಜಿಟಲ್ ಕಮಾಂಡ್ ಕಂಟ್ರೋಲ್, ಚಿಕ್ಕದಾಗಿ ಡಿ.ಸಿ.ಸಿ. ಒಂದು ಕಂಪನಿಯ ಎಂಜಿನ್ ಇನ್ನೊಂದು ಕಂಪನಿಯ ಯಂತ್ರದ ಮಾತು ಕೇಳುವಂತಾದದ್ದು ಇದರಿಂದ.

ಇದರ ಚಮತ್ಕಾರ ಸರಳವಾದದ್ದು. ಹಳಿಯ ಎರಡು ಕಂಬಿಗಳಲ್ಲಿ ವಿದ್ಯುತ್ತಿನ ಧನ-ಋಣ ಸದಾ ಅದಲುಬದಲಾಗುತ್ತಲೇ ಇರುತ್ತದೆ. ಒಂದೊಂದು ಬದಿಯಲ್ಲಿ 58 ಮೈಕ್ರೋಸೆಕೆಂಡ್ ನಿಂತು ಬದಲಾದರೆ ಅದು 'ಒಂದು'; ಸುಮಾರು 100 ಮೈಕ್ರೋಸೆಕೆಂಡ್ ಅಥವಾ ಹೆಚ್ಚು ನಿಂತರೆ ಅದು 'ಸೊನ್ನೆ'. ಎಂಜಿನ್ನಿಗೆ ಶಕ್ತಿ ಕೊಡುವ ವಿದ್ಯುತ್ತೇ ಸಂದೇಶವನ್ನೂ ಹೊತ್ತು ಓಡುತ್ತದೆ. ಪ್ರತಿ ಸಂದೇಶಕ್ಕೂ ಮುನ್ನ ಕನಿಷ್ಠ 14 ಒಂದುಗಳ ಸರಣಿ ಬರುತ್ತದೆ, 'ಎಲ್ಲರೂ ಕೇಳಿ' ಎಂಬಂತೆ. ಆಮೇಲೆ ವಿಳಾಸ, ಆಜ್ಞೆ, ಕೊನೆಗೆ ತಾಳೆ ನೋಡಲು ಒಂದು ತುಣುಕು. ಹಿಂದಿನ ತುಣುಕುಗಳಿಂದ ಲೆಕ್ಕ ಹಾಕಿ ತೆಗೆದದ್ದು ಅದು. ತಾಳೆಯಾಗದಿದ್ದರೆ ಕೇಳಿದವನು ಆ ಸಂದೇಶವನ್ನು ಕಸಕ್ಕೆ ಹಾಕಬೇಕು. ಇಷ್ಟೆಲ್ಲ ಮುಗಿಯಲು ಸೆಕೆಂಡಿನ ನೂರನೆಯ ಒಂದು ಭಾಗವೂ ಬೇಡ. ಪಾಯಿಂಟುಗಳಿಗೆ ಪ್ರತ್ಯೇಕ ವಿಳಾಸಗಳಿವೆ. ಎರಡು ಸಾವಿರ ಪಾಯಿಂಟುಗಳಿಗೆ ಸಾಲುವಷ್ಟು! ಯಾರ ಮನೆಯಲ್ಲಿ ಅಷ್ಟು ಜಾಗವಿದೆಯೋ ಕಾಣೆ. ಒಂದು ಎಚ್ಚರಿಕೆ ಮಾತ್ರ ಬೇಕು: ಎಣಿಕೆಯ ಕ್ರಮದಲ್ಲಿ ಕಂಪನಿಗಳ ನಡುವೆ ನಾಲ್ಕರ ವ್ಯತ್ಯಾಸ ಬರುವುದುಂಟು. ನೀವು 1ನ್ನು ಕರೆದಾಗ 5ನೆಯ ಪಾಯಿಂಟ್ ಅಲುಗಿದರೆ ಬೆಚ್ಚಿಬೀಳಬೇಡಿ.

ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕರೆಯುವುದನ್ನು ನೆನೆಯಿರಿ. ಎಲ್ಲ ಮಕ್ಕಳಿಗೂ ಕೇಳಿಸುತ್ತದೆ, ಹೆಸರಿನವನು ಮಾತ್ರ ಏಳುತ್ತಾನೆ. ಡಿ.ಸಿ.ಸಿ. ನಡೆಯುವುದೂ ಹಾಗೆಯೇ. ಆದರೆ ಒಂದು ಕೊರತೆ. ಇಲ್ಲಿ ಹುಡುಗ 'ಹಾಜರ್ ಸಾರ್' ಎನ್ನುವುದಿಲ್ಲ. ಮೂಲ ಪ್ರಮಾಣದಲ್ಲಿ ಮಾತೆಲ್ಲ ಒಂದೇ ದಿಕ್ಕಿಗೆ. ಎಂಜಿನ್ನಿನ ಮಟ್ಟಿಗೆ ಅಷ್ಟು ಚಿಂತೆಯಿಲ್ಲ, ಅದರ ಆಜ್ಞೆಯನ್ನು ಯಂತ್ರ ಮತ್ತೆ ಮತ್ತೆ ಸಾರುತ್ತಲೇ ಇರುತ್ತದೆ. ಒಮ್ಮೆ ತಪ್ಪಿದರೆ ಮುಂದಿನದು ಸಿಗುತ್ತದೆ. ಪಾಯಿಂಟಿನ ಆಜ್ಞೆಯನ್ನು ಮಾತ್ರ ಕೆಲವೇ ಸಲ ಹೇಳಿ ಸುಮ್ಮನಾಗುತ್ತದೆ. ಸಂದೇಶ ತಪ್ಪಿರಬಹುದು, ಮೋಟಾರ್ ಕೆಟ್ಟಿರಬಹುದು, ನಾಲಿಗೆಯ ಸಂದಿಯಲ್ಲಿ ಜಲ್ಲಿಯ ಕಾಳೊಂದು ಸಿಕ್ಕಿಕೊಂಡಿರಬಹುದು. ಫೋನಿನ ಪರದೆ ಮಾತ್ರ 'ಪಾಯಿಂಟ್ ತಿರುಗಿದೆ' ಎಂದು ಚಿತ್ರ ಬದಲಿಸಿ ನಗುತ್ತಿರುತ್ತದೆ. ಅದು ತೋರಿಸುವುದು ನೀವು ಹೇಳಿದ್ದನ್ನು, ಅಲ್ಲಿ ನಡೆದದ್ದನ್ನಲ್ಲ.

ದೊಡ್ಡ ರೈಲ್ವೆಯಲ್ಲಿ ಈ ವ್ಯತ್ಯಾಸದ ಮೇಲೆ ಜನರ ಪ್ರಾಣ ನಿಂತಿದೆ. 2023ರ ಜೂನ್ 2ರ ಸಂಜೆ ಒಡಿಶಾದ ಬಾಲಸೋರ್ ಜಿಲ್ಲೆಯ ಬಹಾನಗಾ ಬಜಾರ್ ಸ್ಟೇಷನ್ನಿನಲ್ಲಿ ಚೆನ್ನೈಗೆ ಹೊರಟಿದ್ದ ಕೋರಮಂಡಲ್ ಎಕ್ಸ್‌ಪ್ರೆಸ್ಸಿಗೆ ಮುಖ್ಯ ಹಳಿಯಲ್ಲಿ ನೇರ ಸಾಗಲು ಹಸಿರು ದೀಪವಿತ್ತು. ಪಾಯಿಂಟ್ ಮಾತ್ರ ಪಕ್ಕದ ಲೂಪ್ ಹಳಿಗೆ ತಿರುಗಿತ್ತು. ಲೂಪಿನಲ್ಲಿ ಗೂಡ್ಸ್ ಗಾಡಿ ನಿಂತಿತ್ತು. ಡಿಕ್ಕಿಯಲ್ಲಿ ಹಳಿ ತಪ್ಪಿದ ಬೋಗಿಗಳು ಆಚೆಯ ಹಳಿಯಲ್ಲಿ ಬೆಂಗಳೂರಿನಿಂದ ಹೌರಾಕ್ಕೆ ಹೋಗುತ್ತಿದ್ದ ಗಾಡಿಯ ಹಿಂದಿನ ಬೋಗಿಗಳಿಗೂ ಬಡಿದವು. 290ಕ್ಕೂ ಹೆಚ್ಚು ಜನ ತೀರಿಹೋದರು. ಹಿಂದೆ ಸಿಗ್ನಲ್ ಸರ್ಕ್ಯೂಟಿನ ತಂತಿಗಳನ್ನು ಬದಲಿಸುವಾಗ ಆದ ಲೋಪ, ಆಮೇಲೆ ಲೆವೆಲ್ ಕ್ರಾಸಿಂಗ್ ಗೇಟಿನ ಕೆಲಸ ಮಾಡುವಾಗ ಆದ ಲೋಪ, ಇವುಗಳಿಂದ ತಪ್ಪು ಸಿಗ್ನಲ್ ಹೋಯಿತೆಂದು ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ತಿಳಿಸಿತು. ಪಾಯಿಂಟ್ ಒಂದು ಕಡೆ, ಅದರ ಬಗ್ಗೆ ಬಂದ ವರದಿ ಇನ್ನೊಂದು ಕಡೆ.

ಇಂಥದ್ದು ಆಗಬಾರದೆಂದೇ ರೈಲ್ವೆಯಲ್ಲಿ ಡಿಟೆಕ್ಷನ್ ಎಂಬ ಏರ್ಪಾಡಿದೆ. ಪಾಯಿಂಟ್ ತಿರುಗಿಸುವ ಸರಳೇ ಬೇರೆ, ನಾಲಿಗೆ ಎಲ್ಲಿದೆಯೆಂದು ವರದಿ ಒಪ್ಪಿಸುವ ಸರಳೇ ಬೇರೆ. ನಾಲಿಗೆ ಸರಿಯಾಗಿ ಅಂಟಿ, ಬೀಗ ಬಿದ್ದು, ವರದಿ ಬಂದ ಮೇಲಷ್ಟೇ ಸಿಗ್ನಲ್ ಇಳಿಯಬೇಕು. ನಮ್ಮ ರೈಲ್ವೆಯಲ್ಲಿ ಇದಕ್ಕೊಂದು ಪರೀಕ್ಷೆಯಿದೆ. ನಾಲಿಗೆಯ ತುದಿಯಿಂದ 150 ಮಿ.ಮೀ. ದೂರದಲ್ಲಿ, ನಾಲಿಗೆಗೂ ಹೊರಹಳಿಗೂ ನಡುವೆ 5 ಮಿ.ಮೀ. ದಪ್ಪದ ತುಂಡನ್ನಿಟ್ಟು ಪಾಯಿಂಟ್ ತಿರುಗಿಸುತ್ತಾರೆ. ಬೀಗ ಬೀಳಕೂಡದು, ಡಿಟೆಕ್ಟರ್ 'ಸರಿ' ಎನ್ನಕೂಡದು. ಹಾಗೆಂದರೆ ಆ ಪಾಯಿಂಟ್ ನಪಾಸು.

ನಮ್ಮ ಮೇಜಿನ ಮೇಲೂ ಈ ನಿಯಮವನ್ನು ತರಬಹುದೆಂಬುದೇ ಈ ಹವ್ಯಾಸದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸುವ ಸಂಗತಿ.

ಹಲಗೆಯ ಮೇಲೆ ಎರಡು ಪಾಯಿಂಟ್

ಮಾಟುಂಗಾದ ಒಂದು ಬೆಡ್‌ರೂಮಿನ ಮನೆಯಾಗಲಿ, ಡೊಂಬಿವಲಿಯ ಫ್ಲಾಟಾಗಲಿ, ಜಾಗದ ಕಷ್ಟ ನಮಗೆಲ್ಲ ಗೊತ್ತಿದ್ದದ್ದೇ. ಹಾಗಾಗಿ ಬ್ರಿಟನ್ನಿನ ಅಲನ್ ರೈಟ್ ಎಂಬವರು ರೂಪಿಸಿದ 'ಇಂಗಲ್‌ನೂಕ್ ಸೈಡಿಂಗ್ಸ್' ಎಂಬ ನಕ್ಷೆಯನ್ನು ಆರಿಸಿಕೊಳ್ಳೋಣ. ಐದಡಿ ಉದ್ದ, ಒಂದಡಿ ಅಗಲದ ಹಲಗೆ ಸಾಕು. ಆಟ ಮುಗಿದ ಮೇಲೆ ಕಪಾಟಿನ ಮೇಲಿಡಬಹುದು. ಒಂದು ಹಳಿ, ಅದರಲ್ಲಿ ಎರಡು ಪಾಯಿಂಟ್, ಮೂರು ಸೈಡಿಂಗ್. ಒಂದರಲ್ಲಿ ಐದು ವ್ಯಾಗನ್ ಹಿಡಿಯಬೇಕು, ಉಳಿದೆರಡರಲ್ಲಿ ಮೂರು ಮೂರು. ಮುಂದಿನ ತುಂಡಿನಲ್ಲಿ ಎಂಜಿನ್ನೂ ಮೂರು ವ್ಯಾಗನ್ನೂ. ಒಟ್ಟು ಎಂಟು ವ್ಯಾಗನ್ನುಗಳಲ್ಲಿ ಚೀಟಿ ಎತ್ತಿ, ಬಂದ ಐದನ್ನು ಬಂದ ಕ್ರಮದಲ್ಲೇ ಜೋಡಿಸಿ ಗಾಡಿ ಕಟ್ಟಬೇಕು. 6720 ಬಗೆಯ ಗಾಡಿಗಳು ಸಾಧ್ಯ. ಮಳೆಗಾಲದ ಭಾನುವಾರಗಳಿಗೆ ಧಾರಾಳವಾಯಿತು.

ಅಂಗಡಿಯಲ್ಲಿ ಸಿಗುವ ಎಚ್.ಓ. ಮತ್ತು ಡಬಲ್ ಓ ಅಳತೆಗಳಿಗೆ 16.5 ಮಿ.ಮೀ. ಅಗಲದ ಒಂದೇ ಹಳಿ. ನಮ್ಮ ಬ್ರಾಡ್‌ಗೇಜಿನ 1676 ಮಿ.ಮೀ.ಯನ್ನು ಎಚ್.ಓ.ದ 87ರಿಂದ ಭಾಗಿಸಿದರೆ 19.3 ಬರಬೇಕು. ಹೀಗಾಗಿ ಭಾರತೀಯ ಎಂಜಿನ್ ಇಟ್ಟರೂ ಹಳಿ ತುಸು ಇಕ್ಕಟ್ಟು. ಕಟ್ಟಾ ಹವ್ಯಾಸಿಗಳು ಇದಕ್ಕೆ ಕೊರಗುತ್ತಾರೆ. ನಾವು ಕೊರಗುವುದು ಬೇಡ.

ಎರಡು ಪಾಯಿಂಟಿಗೆ ಡಿಜಿಟಲ್ ಬೇಕೇ ಎಂದರೆ, ಬೇಡ. ಕಿರುಬೆರಳಿನಿಂದ ತಳ್ಳಿದರೂ ತಿರುಗುತ್ತದೆ. ಆದರೆ ಎರಡರಲ್ಲಿ ಕೈ ಪಳಗಿದರೆ ಇಪ್ಪತ್ತು ಕಷ್ಟವಲ್ಲ, ಮತ್ತು ಸುಟ್ಟುಕೊಂಡರೂ ಹೋಗುವುದು ಸ್ವಲ್ಪ.

ಸಾಮಾನಿಗೆ ಮುಂಬಯಿಯವರಿಗೆ ಲ್ಯಾಮಿಂಗ್ಟನ್ ರೋಡ್, ಪುಣೆಯವರಿಗೆ ಬುಧವಾರ ಪೇಟೆ, ಚೆನ್ನೈಯವರಿಗೆ ರಿಚಿ ಸ್ಟ್ರೀಟ್, ದಿಲ್ಲಿಯವರಿಗೆ ಲಜಪತ್ ರಾಯ್ ಮಾರ್ಕೆಟ್ ಇದ್ದೇ ಇದೆ. ಹಳಿ ಮತ್ತು ಪಾಯಿಂಟ್ ಮಾತ್ರ ಆಮದಿನವು, ದುಬಾರಿ. ಉಳಿದದ್ದು ಅಗ್ಗ. ಒಂದು ಆರ್ಡುಯಿನೊ ಮೆಗಾ ಬೋರ್ಡ್, ಅದರ ಮೇಲೆ ಕೂರುವ ಮೋಟಾರ್ ಷೀಲ್ಡ್, ಒಂಬತ್ತು ಗ್ರಾಂ ತೂಕದ ಎರಡು ಸರ್ವೋ ಮೋಟಾರ್, 16 ಸರ್ವೋಗಳನ್ನು ನಡೆಸಬಲ್ಲ ಪಿ.ಸಿ.ಎ. 9685 ಬೋರ್ಡ್, ಆರು ಮೈಕ್ರೋಸ್ವಿಚ್, 5 ವೋಲ್ಟಿನ ಒಂದು ಅಡಾಪ್ಟರ್, ಹಳಿಗೆ 12ರಿಂದ 15 ವೋಲ್ಟಿನದೊಂದು. ಎಂಜಿನ್ನಿನೊಳಗೆ ಡಿ.ಸಿ.ಸಿ. ಡಿಕೋಡರ್ ಇರಬೇಕು.

ಮೆಗಾ ಬೋರ್ಡಿಗೆ ತುಂಬುವ ತಂತ್ರಾಂಶ 'ಡಿ.ಸಿ.ಸಿ.-ಇ.ಎಕ್ಸ್.' ಹವ್ಯಾಸಿಗಳೇ ಸೇರಿ ಬರೆದದ್ದು, ಬಿಟ್ಟಿ. ಕಂಪ್ಯೂಟರಿನ ಪರದೆಯ ಮೇಲೆ ಹಳಿಯ ನಕ್ಷೆ ಬೇಕಾದರೆ ಜೆ.ಎಂ.ಆರ್.ಐ. ಇದೆ, ಅದೂ ಬಿಟ್ಟಿ. ಕಾನೂನು ಓದುತ್ತಿರುವ ಮಿತ್ರರಿಗೆ ಒಂದು ಅಡ್ಡಮಾತು: ಜೆ.ಎಂ.ಆರ್.ಐ. ಆರಂಭಿಸಿದ ಭೌತವಿಜ್ಞಾನದ ಪ್ರಾಧ್ಯಾಪಕ ಬಾಬ್ ಜೇಕಬ್ಸನ್ ಹೂಡಿದ ದಾವೆಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 2008ರಲ್ಲಿ, ಬಿಟ್ಟಿ ಹಂಚಿದ ತಂತ್ರಾಂಶದ ಷರತ್ತುಗಳನ್ನು ಮುರಿದರೂ ಅದು ಹಕ್ಕುಸ್ವಾಮ್ಯದ ಉಲ್ಲಂಘನೆಯಾಗಬಹುದು ಎಂದಿತು. ಓಪನ್ ಸೋರ್ಸ್ ಜಗತ್ತಿನಲ್ಲಿ ಇಂದಿಗೂ ಎತ್ತಿ ಹೇಳುವ ತೀರ್ಪು ಬಂದದ್ದು ಆಟದ ರೈಲಿನ ಜಗಳದಿಂದ!

ಜೋಡಣೆಗೆ ಬರೋಣ. ಮೋಟಾರ್ ಷೀಲ್ಡಿನ ಹಿಂಬದಿಯಲ್ಲಿ 'ವಿನ್ ಕನೆಕ್ಟ್' ಎಂದು ಗುರುತಿರುವ ಕೊಂಡಿಯಿದೆ. ಅದನ್ನು ಮೊದಲು ಕತ್ತರಿಸಿ. ಇಲ್ಲವಾದರೆ ಹಳಿಯ ವೋಲ್ಟೇಜು ಕೆಳಗಿನ ಮೆಗಾ ಬೋರ್ಡಿಗೂ ನುಗ್ಗುತ್ತದೆ. ಸರ್ವೋ ಬೋರ್ಡಿಗೆ ಮೆಗಾದಿಂದ ಆಜ್ಞೆಯ ಎರಡು ತಂತಿ ಹೋಗುತ್ತವೆ. ಸರ್ವೋಗಳ ಶಕ್ತಿ ಮಾತ್ರ 5 ವೋಲ್ಟಿನ ಬೇರೆ ಅಡಾಪ್ಟರಿನಿಂದ ಬರಲಿ, ಮೆಗಾದಿಂದ ಎಳೆಯಬೇಡಿ. ಎರಡರ ಗ್ರೌಂಡ್ ತಂತಿ ಕೂಡಿರಬೇಕು.

ಇಲ್ಲಿ ಪಾಯಿಂಟಿನ ಆಜ್ಞೆ ಹಳಿಯ ಮೂಲಕ ಹೋಗದೆ ನೇರ ತಂತಿಯಲ್ಲಿ ಹೋಗುತ್ತದೆ ಎಂಬುದನ್ನು ಗಮನಿಸಿದಿರಾ? ಹಳಿಯ ಮೂಲಕ ಆಜ್ಞೆ ಕೇಳುವ ಡಿಕೋಡರುಗಳೂ ಸಿಗುತ್ತವೆ. ಆದರೆ ಅದರಲ್ಲೊಂದು ಫಜೀತಿಯಿದೆ. ತಪ್ಪು ದಿಕ್ಕಿಗೆ ತಿರುಗಿದ ಪಾಯಿಂಟಿನ ಮೇಲೆ ಎಂಜಿನ್ ಹತ್ತಿದರೆ ಲೋಹದ ಫ್ರಾಗ್‌ನಲ್ಲಿ ಶಾರ್ಟ್ ಆಗಿ ಹಳಿಯ ವಿದ್ಯುತ್ತು ನಿಲ್ಲುತ್ತದೆ. ಪಾಯಿಂಟ್ ತಿರುಗಿಸಿದರೆ ಶಾರ್ಟ್ ಹೋಗುತ್ತದೆ, ಆದರೆ ಪಾಯಿಂಟ್ ತಿರುಗಲು ಹಳಿಯಲ್ಲಿ ವಿದ್ಯುತ್ತಿಲ್ಲ! ಮದುವೆಯಾಗದೆ ಹುಚ್ಚು ಬಿಡುವುದಿಲ್ಲ, ಹುಚ್ಚು ಬಿಡದೆ ಮದುವೆಯಾಗುವುದಿಲ್ಲ ಎಂಬ ನಮ್ಮ ಗಾದೆಯೇ. ಡಿಕೋಡರ್ ಕೊಂಡರೂ ಅದರ ಶಕ್ತಿ ಮತ್ತು ಆಜ್ಞೆಯ ತಂತಿಗಳನ್ನು ಹಳಿಯಿಂದ ಪ್ರತ್ಯೇಕವಾಗಿಡುವುದು ಇದಕ್ಕಾಗಿ.

ಸರ್ವೋ ಎಂಬುದು ಕೋನ ಹೇಳಿದರೆ ಆ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರ್. 20 ಮಿಲಿಸೆಕೆಂಡಿಗೊಮ್ಮೆ ಅದಕ್ಕೆ ಒಂದು ಮಿಡಿತ; ಮಿಡಿತ ಒಂದೂವರೆ ಮಿಲಿಸೆಕೆಂಡ್ ಇದ್ದರೆ ತೋಳು ನಡುವಿನಲ್ಲಿ, ಒಂದರ ಕಡೆಗೆ ಇಳಿದರೆ ಒಂದು ಪಕ್ಕಕ್ಕೆ, ಎರಡರ ಕಡೆಗೆ ಏರಿದರೆ ಇನ್ನೊಂದು ಪಕ್ಕಕ್ಕೆ. ಮೊದಲು ಸರ್ವೋವನ್ನು ನಡುವಿಗೆ ತಂದು ನಿಲ್ಲಿಸಿ, ಪಾಯಿಂಟಿನ ನಾಲಿಗೆಗಳನ್ನೂ ನಡುವಿನಲ್ಲಿಟ್ಟು, ಆಮೇಲೆ ಹಲಗೆಯ ಕೆಳಗೆ ಸ್ಕ್ರೂ ಹಾಕಿ. ತೋಳಿನಿಂದ ಒಂದು ಗಡಸು ಉಕ್ಕಿನ ತಂತಿ ಹಲಗೆಯ ತೂತಿನ ಮೂಲಕ ಮೇಲೇರಿ ಅಡ್ಡಪಟ್ಟಿಯನ್ನು ಹಿಡಿಯಬೇಕು. ತಂತಿಯಲ್ಲಿ ತುಸು ಬಳುಕು ಇರಲಿ. ಕೋನವನ್ನು ಎರಡೆರಡು ಡಿಗ್ರಿ ಹೆಚ್ಚಿಸುತ್ತ ಹೋಗಿ, ನಾಲಿಗೆ ಹೊರಹಳಿಗೆ ಅಂಟಿ ತಂತಿ ಸ್ವಲ್ಪವೇ ಬಾಗುವಲ್ಲಿ ನಿಲ್ಲಿಸಿ. ಅವಸರ ಬೇಡ. 'ಠಕ್' ಎನ್ನುವ ಬದಲು ನಿಧಾನವಾಗಿ, ನಿಜವಾದ ಪಾಯಿಂಟಿನ ಹಾಗೆ ಅದು ಸರಿಯುವುದನ್ನು ನೋಡುವುದೇ ಒಂದು ಸೊಗಸು.

ಮೈಕ್ರೋಸ್ವಿಚ್ ಪಾಯಿಂಟಿಗೆ ಮೂರು. ಒಂದನ್ನು ಸರ್ವೋದ ತೋಳಿನ ಬಳಿ ಇಡಿ, ಅದು ಫ್ರಾಗ್‌ನ ಧ್ರುವ ಬದಲಿಸುತ್ತದೆ. ಉಳಿದೆರಡು ವರದಿ ಕೊಡಲು. ಅವನ್ನೂ ತೋಳಿನ ಬಳಿಯೇ ಇಡುವ ಆಸೆಯಾಗುತ್ತದೆ, ಸುಲಭ ಕೂಡ. ಇಡಬೇಡಿ. ಅಡ್ಡಪಟ್ಟಿಯ ಎದುರು ತುದಿಯಲ್ಲಿ, ಮೋಟಾರಿನಿಂದ ದೂರದ ಬದಿಯಲ್ಲಿಡಿ. ನಾಲಿಗೆಗಳು ಎಡಕ್ಕೆ ಪೂರ್ತಿ ಸರಿದಾಗ ಒಂದು ಒತ್ತಬೇಕು, ಬಲಕ್ಕೆ ಪೂರ್ತಿ ಸರಿದಾಗ ಇನ್ನೊಂದು. ಎರಡೂ ಒತ್ತದಿದ್ದರೆ ನಾಲಿಗೆ ನಡುದಾರಿಯಲ್ಲಿದೆ ಎಂದರ್ಥ. ಎರಡೂ ಒಟ್ಟಿಗೆ ಒತ್ತಿದ್ದರೆ ತಂತಿ ಜೋಡಣೆಯಲ್ಲೇ ಐಬು. ಈ ನಾಲ್ಕು ತಂತಿಗಳು ಮೆಗಾದ ಇನ್‌ಪುಟ್ ಪಿನ್ನುಗಳಿಗೆ.

ಈಗ ತಂತ್ರಾಂಶದಲ್ಲಿ ಸೈಡಿಂಗಿಗೊಂದರಂತೆ ಮೂರು ದಾರಿ ಬರೆಯಿರಿ. ಮೊದಲ ಪಾಯಿಂಟ್ ಓರೆಯಾದರೆ ಒಂದನೆಯ ಸೈಡಿಂಗ್. ಮೊದಲನೆಯದು ನೇರವಿದ್ದು ಎರಡನೆಯದು ನೇರವಾದರೆ ಎರಡನೆಯದು, ಓರೆಯಾದರೆ ಮೂರನೆಯದು. ಆಜ್ಞೆ ಕೊಟ್ಟು ಎರಡು ಸೆಕೆಂಡ್ ಕಾಯಬೇಕು. ಆ ದಾರಿಗೆ ಬೇಕಾದ ಸ್ವಿಚ್‌ಗಳೆಲ್ಲ ವರದಿ ಕೊಟ್ಟಿದ್ದರೆ ಹಲಗೆಯ ತುದಿಯ ಪುಟ್ಟ ಎಲ್.ಇ.ಡಿ. ಹಸಿರಾಗಲಿ. ಇಲ್ಲವಾದರೆ ಕೆಂಪು, ಜೊತೆಗೆ ಹಳಿಯ ವಿದ್ಯುತ್ ಬಂದ್. ಹಸಿರನ್ನು ಆಜ್ಞೆಗೆ ಕಟ್ಟಬೇಡಿ, ವರದಿಗೆ ಕಟ್ಟಿ.

ಕೊನೆಗೆ ಪರೀಕ್ಷೆ. ರೈಲ್ವೆಯ 5 ಮಿ.ಮೀ. ತುಂಡನ್ನು ಡಬಲ್ ಓ ಅಳತೆಗೆ, ಅಂದರೆ 76ರಿಂದ ಭಾಗಿಸಿದರೆ 0.07 ಮಿ.ಮೀ., ಬರೆಯುವ ಕಾಗದಕ್ಕಿಂತ ತೆಳು. ಅಷ್ಟು ನಿಖರತೆ ನಮ್ಮ ಮೈಕ್ರೋಸ್ವಿಚ್ಚಿಗೆ ಬರದು. ಒಂದು ಬೆಂಕಿಕಡ್ಡಿ ತೆಗೆದುಕೊಳ್ಳಿ. ನಾಲಿಗೆ ಮತ್ತು ಹೊರಹಳಿಯ ಸಂದಿಯಲ್ಲಿ ಅದನ್ನಿಟ್ಟು ಫೋನಿನಿಂದ ಪಾಯಿಂಟ್ ತಿರುಗಿಸಿ. ಕೆಳಗೆ ಸರ್ವೋ ತನ್ನ ಪೂರ್ತಿ ಕೋನ ತಿರುಗಿ ನಿಲ್ಲುತ್ತದೆ. ಬಳುಕುವ ತಂತಿ ಬಾಗಿಕೊಳ್ಳುತ್ತದೆ. ಫೋನು 'ಆಯಿತು' ಎನ್ನುತ್ತದೆ. ತೋಳಿನ ಬಳಿಯ ಸ್ವಿಚ್ಚೂ ಹೌದು ಎನ್ನುತ್ತದೆ. ಅಡ್ಡಪಟ್ಟಿಯ ತುದಿಯ ಸ್ವಿಚ್ ಮಾತ್ರ ಸುಮ್ಮನಿರಬೇಕು, ದೀಪ ಕೆಂಪಾಗಿಯೇ ಉಳಿಯಬೇಕು. ಹಸಿರಾದರೆ ಸ್ವಿಚ್ಚನ್ನು ಅರ್ಧ ಮಿಲಿಮೀಟರ್ ಹಿಂದಕ್ಕೆ ಸರಿಸಿ ಮತ್ತೆ ನೋಡಿ. ಆಮೇಲೆ ಕಡ್ಡಿಯನ್ನು ಇನ್ನೊಂದು ನಾಲಿಗೆಯ ಕಡೆಗೂ ಇಟ್ಟು ನೋಡುವುದನ್ನು ಮರೆಯಬೇಡಿ, ಸ್ವಿಚ್‌ಗಳು ಎರಡಿವೆ.